ಆರೈಕೆಯ ಬೆಲೆ

ಮಂಗಳೂರಿನಲ್ಲಿ ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುವ ಸ್ತ್ರೀಯರಿಗೆ ಸಾವಿರ ಬೀಡಿಗಳ ಲೆಕ್ಕದಲ್ಲಿ ಕೂಲಿ ದೊರೆಯುತ್ತದೆ. ಅಂತಹ ತಾಯಿಯೊಬ್ಬಳ ಮಗನು ಸೆರೆಬ್ರಲ್ ಪಾಲ್ಸಿ ಎಂಬ ಮಿದುಳಿನ ಊನದಿಂದ ಹಾಸಿಗೆ ಬಿಟ್ಟು ಏಳಲಾರದವನಾಗಿದ್ದರೆ, ಅವನಿಗೆ ಉಣಿಸುವ, ಮೀಯಿಸುವ, ಮಗ್ಗುಲು ಬದಲಿಸುವ ಪ್ರತಿಯೊಂದು ಗಳಿಗೆಯೂ ಅವಳ ಕೂಲಿಯಲ್ಲಿ ಕಡಿಮೆಯಾಗುತ್ತದೆ. ಆ ಶ್ರಮವು ಯಾವ ಲೆಕ್ಕದ ಪುಸ್ತಕಕ್ಕೂ ಸೇರುವುದಿಲ್ಲ.

ಸರ್ಕಾರವು ಕೊಡುವ ಅಂಗವಿಕಲರ ಮಾಸಾಶನವು ಮಗನಿಗೆ ಸಲ್ಲತಕ್ಕದ್ದು. ಆರೈಕೆದಾರರ ಭತ್ಯೆಯಾದರೋ ತಾಯಿಯ ಶ್ರಮಕ್ಕೆ ಸಲ್ಲುವಂಥದು. ಈ ಭೇದವನ್ನು ಮೊದಲು ಅರಿಯಬೇಕು. ಬ್ರಿಟನ್ ದೇಶವು ಇಂತಹ ಭತ್ಯೆಯನ್ನು 1976ರಲ್ಲಿ ಆರಂಭಿಸಿತು. ಆದರೆ ವಿವಾಹಿತೆಯರು ಹೇಗೂ ಮನೆಯಲ್ಲಿಯೇ ಇರುವವರೆಂದು ಬಗೆದು, 1986ರವರೆಗೆ ಅವರಿಗೆ ಅದನ್ನು ನಿರಾಕರಿಸಿತ್ತು. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಹೆಚ್ಚಿನ ನೆರವು ಬೇಕಾದವರ ಆರೈಕೆಗಾಗಿ ಭತ್ಯೆಯನ್ನು ಸೂಚಿಸಿದೆ. ಕರ್ನಾಟಕ ಸರ್ಕಾರವು 2024-25ರ ಆಯವ್ಯಯದಲ್ಲಿ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್ ಮೊದಲಾದ ತೊಂದರೆಗಳಿಗೆ ಒಳಗಾದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿಗಳನ್ನು ಪ್ರಕಟಿಸಿತು.

ಈ ಮೊತ್ತವು ಕಳೆದ ಕೂಲಿಯನ್ನು ತುಂಬಿಕೊಡಲಾರದು. ಆದರೂ ಮಮತೆಯೊಳಗೆ ದುಡಿಮೆಯೂ ಅಡಗಿದೆಯೆಂಬುದನ್ನು ರಾಜ್ಯವು ಒಪ್ಪಿಕೊಂಡುದು ಸಣ್ಣ ಮಾತಲ್ಲ. ಅರ್ಹರಾದವರು ಇದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು. ನೆರೆಮನೆಯ ಓದುಬಲ್ಲ ಮಕ್ಕಳು ಅರ್ಜಿ ಬರೆದುಕೊಟ್ಟು ನೆರವಾಗಬೇಕು.