ಜುಗ್ಗ ಅನ್ನುವವರಿಗೆ ಏನು ಹೇಳೋಣ?

ಮಗಳ ಲಗ್ನವನ್ನು ಸಾಮೂಹಿಕ ವಿವಾಹದಲ್ಲಿ ಮಾಡಿದರೆ, ಹಳೆಯ ಬೈಕನ್ನೇ ಓಡಿಸಿದರೆ, ಮುಕ್ಕುಂದ ಹಳ್ಳಿಯ ಕಟ್ಟೆಯ ಮೇಲೂ ಸಿಂಧನೂರಿನ ಹೋಟೆಲಿನಲ್ಲೂ ಒಂದೇ ಮಾತು: ‘ರೊಕ್ಕ ಇದ್ದೂ ಜುಗ್ಗ.’ ಈ ಮಾತಿಗೆ ಕುಗ್ಗುವ ಮೊದಲು ಆ ರೊಕ್ಕ ಎಲ್ಲಿಂದ ಬರುತ್ತದೆ ನೋಡಿ. ಇಲ್ಲಿ ಭತ್ತದ ರೊಕ್ಕವೆಂದರೆ ತುಂಗಭದ್ರೆಯ ನೀರಿನ ರೊಕ್ಕ. 2023ರಲ್ಲಿ ಬರ ಬಂತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಬೆಳೆ ಕೈಕೊಟ್ಟ ವರ್ಷ ಗೊಬ್ಬರದಂಗಡಿಯ ಬಾಕಿಯನ್ನು, ಸಾಲದ ಬಡ್ಡಿಯನ್ನು ಆಡಿಕೊಂಡವರು ಕಟ್ಟುವುದಿಲ್ಲ. ಕೈಯಲ್ಲಿ ಉಳಿದದ್ದೇ ಮುಂದಿನ ನಾಟಿಗೆ ಆಧಾರ.

‘ಮಂದಿ ಮನೆಯಲ್ಲಿ ಉಂಡು, ತನ್ನ ಮನೆಯಲ್ಲಿ ಉಣಿಸದಿದ್ದರೆ ಹೇಗೆ?’ ಈ ಆಕ್ಷೇಪದಲ್ಲಿ ಹುರುಳಿದೆ. ಮುಯ್ಯಿ ತೀರಿಸಲೇಬೇಕು. ಆಳುಗಳ ಕೂಲಿ ಮುರಿದು ಉಳಿಸುವುದಂತೂ ಮಿತವ್ಯಯವೇ ಅಲ್ಲ, ಅನ್ಯಾಯ. ಆದರೆ ಕೊಡುವುದು ಬೇರೆ, ಮೆರೆಯುವುದು ಬೇರೆ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆನ್ನುವ 12ನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರನ್ನೇ ನೋಡಿ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ನಡೆಸಿದರು. ಗಂಡ ಒಂದು ದಿನ ಹೆಚ್ಚು ತಂದಾಗ, ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಕಳಿಸಿದಳೆಂಬುದು ಐತಿಹ್ಯ. ಬೇಕಾದಷ್ಟೇ ತಂದ ಆ ಮನೆಯಲ್ಲೂ ಬಂದವರಿಗೆ ಊಟವಿತ್ತು. ಅವರನ್ನು ಜಿಪುಣರೆಂದು ಈ ನಾಡು ಕರೆದಿಲ್ಲ.

ಕಟ್ಟೆಯ ಮೇಲಿನವರೊಂದಿಗೆ ವಾದ ಬೇಡ. ಚುಚ್ಚುಮಾತು ಹೆಚ್ಚು ತಾಗುವುದು ಮನೆಯ ಹೆಣ್ಣುಮಕ್ಕಳಿಗೆ. ಆದ್ದರಿಂದ ಎಷ್ಟು ಖರ್ಚು, ಉಳಿದದ್ದು ಯಾವುದಕ್ಕೆ ಎಂಬುದನ್ನು ಮೊದಲು ಅವರ ಜೊತೆ ಕೂತು ತೀರ್ಮಾನಿಸಿ. ಬೀಗರಿಗೂ ಮಾತುಕತೆಯ ದಿನವೇ ಬಿಚ್ಚಿ ಹೇಳಿ.