ಕತ್ತಲ ಡಿಸೆಂಬರಿಗೆ ಜನ ಬಂದ ಬಗೆ

ಫಿನ್ಲೆಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿಗೆ ಡಿಸೆಂಬರಿನಲ್ಲಿ ಹೋಗುವವರು ಏನೇನು ಮಾಡುತ್ತಾರೆ ಎಂಬುದು ಈಗ ಬಹಳ ಜನರಿಗೆ ಗೊತ್ತು. ಹಸ್ಕಿ ನಾಯಿಗಳ ಬಂಡಿಯಲ್ಲಿ ಕಾಡು ಸುತ್ತುತ್ತಾರೆ, ಹಿಮಸಾರಂಗದ ಜಾರುಬಂಡಿ ಏರುತ್ತಾರೆ, ಹೆಪ್ಪುಗಟ್ಟಿದ ನದಿಯ ಮೇಲೆ ಸ್ನೋಮೊಬೈಲ್ ಓಡಿಸುತ್ತಾರೆ, ಗಾಜಿನ ಇಗ್ಲೂವಿನಲ್ಲಿ ಮಲಗಿ ಧ್ರುವಜ್ಯೋತಿಗೆ ಕಾಯುತ್ತಾರೆ. ನೋಡಿದರೆ ಇದು ತಲೆತಲಾಂತರದಿಂದ ಅಲ್ಲಿ ನಡೆದುಬಂದ ಬದುಕು ಎನ್ನಿಸುತ್ತದೆ. ನಿಜವಾಗಿ ಈ ರಜೆಯ ಬಹುಪಾಲು ಕೂಡಿಬಂದದ್ದು ಅಲ್ಲಿ ಇಂದಿಗೂ ಬದುಕಿರುವ ಹಿರಿಯರ ಕಣ್ಣೆದುರಿಗೆ.

ಮೊದಲು ಅಲ್ಲಿಗೆ ಪ್ರವಾಸಿಗರು ಬರುತ್ತಿದ್ದದ್ದು ಬೇಸಿಗೆಯಲ್ಲಿ. 1931ರಲ್ಲಿ ರೊವಾನಿಯೆಮಿ ಊರಿನಿಂದ ಆರ್ಕ್ಟಿಕ್ ಸಾಗರದ ದಂಡೆಯ ಪೆಟ್ಸಾಮೊವರೆಗೆ ರಸ್ತೆ ಮುಗಿಯಿತು. ನಡುರಾತ್ರಿಯಲ್ಲೂ ಮುಳುಗದ ಸೂರ್ಯನನ್ನು ನೋಡಲು ಜನ ಆ ದಾರಿ ಹಿಡಿದರು. 1938ರಲ್ಲಿ ಪಲ್ಲಾಸ್ ಬೆಟ್ಟದ ಮೇಲೆ ಹೋಟೆಲ್ ತೆರೆಯಿತು. ಹಗಲು ಉದ್ದವಾಗುವ ಮಾರ್ಚ್, ಏಪ್ರಿಲ್‌ನಲ್ಲಿ ಸ್ಕೀಯಿಂಗಿಗೂ ಜನ ಬರತೊಡಗಿದರು. ಡಿಸೆಂಬರ್ ಮಾತ್ರ ಯಾರಿಗೂ ಬೇಡವಾಗಿತ್ತು. ಉತ್ತರದ ತುದಿಯ ಉತ್ಸ್‌ಯೋಕಿಯಲ್ಲಿ ಆಗ ಸುಮಾರು 50 ದಿನ ಸೂರ್ಯ ಹುಟ್ಟುವುದೇ ಇಲ್ಲ. ರೊವಾನಿಯೆಮಿಯಲ್ಲಿ ನಡುಹಗಲಿಗೆ ದಿಗಂತದಲ್ಲಿ ಸ್ವಲ್ಪ ಹೊತ್ತು ಇಣುಕಿ ಮರೆಯಾಗುತ್ತಾನೆ. ಆ ಕತ್ತಲಿಗೆ ದುಡ್ಡು ಕೊಟ್ಟು ಯಾರು ಬಂದಾರು?

ಆಮೇಲೆ ಯುದ್ಧ ಬಂತು. 1944ರ ಶರತ್ಕಾಲದಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಲ್ಯಾಪ್‌ಲ್ಯಾಂಡನ್ನು ಸುಡುತ್ತಾ ಹೋಯಿತು. ರೊವಾನಿಯೆಮಿಯ ಕಟ್ಟಡಗಳಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ನಾಶವಾದವು. ಪಲ್ಲಾಸಿನ ಹೋಟೆಲನ್ನೂ ಸಿಡಿಸಿದರು. ಪೆಟ್ಸಾಮೊ ಸೋವಿಯತ್ ಒಕ್ಕೂಟದ ಪಾಲಾಯಿತು. ಬೂದಿಯ ಮೇಲೆ ಹೊಸ ಊರನ್ನು ಕಟ್ಟಲು ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಹಿಮಸಾರಂಗದ ಕೊಂಬಿನ ಆಕಾರದ ನಕ್ಷೆ ಬರೆದರು. ಇಂದಿಗೂ ಊರಿನ ಮುಖ್ಯ ರಸ್ತೆಗಳು ಆ ಕೊಂಬಿನ ಕವಲುಗಳಂತೆಯೇ ಹರಡಿವೆ.

ಈ ಮರುನಿರ್ಮಾಣ ನೋಡಲು 1950ರ ಜೂನ್‌ನಲ್ಲಿ ಅಮೆರಿಕದ ಮಾಜಿ ಪ್ರಥಮ ಮಹಿಳೆ ಎಲಿನೋರ್ ರೂಸ್‌ವೆಲ್ಟ್ ಬಂದರು. ಅವರಿಗೆ ಆರ್ಕ್ಟಿಕ್ ವೃತ್ತವನ್ನೂ ತೋರಿಸಬೇಕಿತ್ತು. ಊರಿಂದ ಎಂಟು ಕಿಲೋಮೀಟರ್ ಆಚೆ, ಆ ಗೆರೆಯ ಬಳಿ ತರಾತುರಿಯಲ್ಲಿ ಮರದ ದಿಮ್ಮಿಗಳ ಪುಟ್ಟ ಮನೆ ಎದ್ದಿತು. ಅತಿಥಿ ಹೋದಮೇಲೂ ಮನೆ ಉಳಿಯಿತು. ದಾರಿಹೋಕರು ಅಲ್ಲಿ ಇಳಿದು ಕಾಗದ ಬರೆದು ಅಂಚೆಗೆ ಹಾಕತೊಡಗಿದರು. ಇಂದಿನ ಸಾಂತಾಕ್ಲಾಸ್ ಗ್ರಾಮ ಬೆಳೆದದ್ದು ಈ ಮನೆಯ ಸುತ್ತ.

ಸಾಂತಾ ಬಂದದ್ದು ರೇಡಿಯೊದಿಂದ. 1927ರಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಮಾರ್ಕುಸ್ ರೌಟಿಯೊ, ಸಾಂತಾ ಇರುವುದು ರಷ್ಯಾ ಗಡಿಯ ಕೊರ್ವಾತುಂತುರಿ ಬೆಟ್ಟದಲ್ಲಿ ಎಂದರು. ಬೆಟ್ಟ ಕಿವಿಯ ಆಕಾರದ್ದು, ಹಾಗಾಗಿ ಮಕ್ಕಳ ಮಾತೆಲ್ಲ ಅಲ್ಲಿಗೆ ಕೇಳಿಸುತ್ತದೆ ಎಂಬುದು ಕಥೆ. ಆ ಗಡಿಕಾಡಿಗೆ ಪ್ರವಾಸಿಗರನ್ನು ಕರೆದೊಯ್ಯುವುದು ಕಷ್ಟ. 1980ರ ದಶಕದಲ್ಲಿ ರಾಜ್ಯಪಾಲ ಆಸ್ಕೊ ಓಯಿನಾಸ್ ಇಡೀ ಲ್ಯಾಪ್‌ಲ್ಯಾಂಡೇ ಸಾಂತಾನ ನಾಡು ಎಂದು ಸಾರಿದರು. 1984ರ ಕ್ರಿಸ್‌ಮಸ್‌ಗೆ ಲಂಡನ್ನಿನಿಂದ ಕಾಂಕಾರ್ಡ್ ವಿಮಾನ ಪ್ರವಾಸಿಗರನ್ನು ಹೊತ್ತು ರೊವಾನಿಯೆಮಿಗೆ ಇಳಿಯಿತು, ಮರುವರ್ಷ ಗ್ರಾಮ ತೆರೆಯಿತು. ಯಾರಿಗೂ ಬೇಡವಾಗಿದ್ದ ತಿಂಗಳೇ ಎಲ್ಲಕ್ಕಿಂತ ದುಬಾರಿ ತಿಂಗಳಾಯಿತು.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನ್ನಿಸುವುದು ಹಿಮಸಾರಂಗದ ಪಾಡು. ಪೆಟ್ಸಾಮೊ ಕೈತಪ್ಪಿದಾಗ ನೆಲೆ ಕಳೆದುಕೊಂಡವರಲ್ಲಿ, ಉತ್ತರದ ಮೂಲನಿವಾಸಿಗಳಾದ ಸಾಮಿಗಳ ಒಂದು ಪಂಗಡವಾದ ಸ್ಕೋಲ್ಟ್ ಸಾಮಿ ಜನರೂ ಇದ್ದರು. ಅವರಿಗೆ ಸೆವೆಟ್ಟಿಯಾರ್ವಿಯಲ್ಲಿ ಹೊಸ ಊರು ಸಿಕ್ಕಿತು. ಬಂಡಿ ಎಳೆಯಲು ಬೀಜ ಒಡೆದ ಗಂಡು ಸಾರಂಗವನ್ನು ತಾಳ್ಮೆಯಿಂದ ಪಳಗಿಸುತ್ತಿದ್ದ ಜನ ಅವರು. 1960ರ ದಶಕದ ಆರಂಭದಲ್ಲಿ ಕೆನಡಾದ ಸ್ನೋಮೊಬೈಲ್ ಅಲ್ಲಿಗೆ ಬಂತು. ಮಾನವಶಾಸ್ತ್ರಜ್ಞ ಪೆರ್ಟಿ ಪೆಲ್ಟೊ ಅಲ್ಲೇ ಇದ್ದು ನಡೆದದ್ದನ್ನು ದಾಖಲಿಸಿದರು. ಅವರ ಪುಸ್ತಕ 1973ರಲ್ಲಿ ಹೊರಬಂತು. ಸ್ನೋಮೊಬೈಲ್ ಬಂದು ಹತ್ತು ವರ್ಷವೂ ಕಳೆಯುವ ಮುಂಚೆ ಬಂಡಿಯ ಸಾರಂಗಗಳು ಕೆಲಸ ಕಳೆದುಕೊಂಡಿದ್ದವು. ಯಂತ್ರಕ್ಕೆ, ಪೆಟ್ರೋಲಿಗೆ ನಗದು ಬೇಕು. ಅದನ್ನು ಹೊಂದಿಸಲಾಗದ ಮನೆಗಳು ಹಿಂಡನ್ನೇ ಬಿಡಬೇಕಾಯಿತು. ನಮ್ಮಲ್ಲಿ ಟ್ರ್ಯಾಕ್ಟರ್ ಬಂದಮೇಲೆ ಎತ್ತಿನ ಕೊಟ್ಟಿಗೆಗಳು ಬರಿದಾದ ಹಾಗೆ. ಲ್ಯಾಪ್‌ಲ್ಯಾಂಡಿನಲ್ಲಿ ನೊಗ ಕಳಚಿದ ಆ ಸಾರಂಗಕ್ಕೆ ಬಂಡಿಯ ಕೆಲಸ ಮತ್ತೆ ಕೊಟ್ಟದ್ದು ಪ್ರವಾಸೋದ್ಯಮ. ಜಾರುಬಂಡಿಯಲ್ಲಿ ಕೂತವರು ಸವಿಯುವ ಆ ನಿಧಾನ ಒಂದು ಕಾಲಕ್ಕೆ ಅಲ್ಲಿನವರ ದಿನನಿತ್ಯದ ವೇಗವಾಗಿತ್ತು.

ಉಳಿದವು ಹೆಚ್ಚಾಗಿ ಹೊರಗಿನಿಂದ ಬಂದವು. ಸಾಮಿಗಳ ನಾಯಿ ಹಿಂಡು ಕಾಯುವ ನಾಯಿ. ಬಂಡಿ ಎಳೆಯುವ ಹಸ್ಕಿಯ ಬೇರು ಸೈಬೀರಿಯಾ, ಅಲಾಸ್ಕಾಗಳಲ್ಲಿದೆ. ಇಗ್ಲೂ ಕಟ್ಟುತ್ತಿದ್ದವರು ಸಾಗರದಾಚೆಯ ಇನ್ಯುಟ್ ಜನ. ಇನ್ನು ಕೆಲವು ಅಲ್ಲೇ ಹೊಸದಾಗಿ ಹುಟ್ಟಿದವು: ಲ್ಯಾಪ್‌ಲ್ಯಾಂಡಿನ ಕೆಮಿ ಪಟ್ಟಣ ನಿವೃತ್ತಿಯಾದ ಸಾಂಪೊ ಎಂಬ ಹಿಮಭೇದಕ ಹಡಗನ್ನು ಕೊಂಡು ಪ್ರವಾಸಿಗರಿಗೆ ತೆರೆಯಿತು, 1996ರಿಂದ ಹಿಮದ ಕೋಟೆಯನ್ನೂ ಕಟ್ಟತೊಡಗಿತು.

ಎರವಲು ತಂದದ್ದರಲ್ಲಿ ತಪ್ಪಿಲ್ಲ. ಸುಟ್ಟ ಊರೊಂದು ಅನ್ನದ ದಾರಿ ಹುಡುಕಿಕೊಂಡದ್ದು ಮೆಚ್ಚುವ ವಿಷಯವೇ. ಆದರೆ ಇದನ್ನೆಲ್ಲ ಸಾಮಿ ಸಂಪ್ರದಾಯ ಎಂದು ಮಾರಿದಾಗ ಅನ್ಯಾಯ ಶುರುವಾಗುತ್ತದೆ. ರೊವಾನಿಯೆಮಿ ಫಿನ್ಲೆಂಡಿನ ಕಾನೂನು ಗುರುತಿಸಿದ ಸಾಮಿ ನೆಲದೊಳಗೆ ಇಲ್ಲವೇ ಇಲ್ಲ. ಆ ನೆಲ ಇರುವುದು ಇನ್ನೂ ಉತ್ತರಕ್ಕೆ. ಹೀಗಿದ್ದೂ ಸಾಮಿಗಳಲ್ಲದವರು ಅವರ ಉಡುಪಿನ ನಕಲು ತೊಟ್ಟು, ಇಲ್ಲದ ಆಚರಣೆ ಹುಟ್ಟಿಸಿ ಪ್ರವಾಸಿಗರ ಮುಂದೆ ನಿಂತದ್ದುಂಟು. ಒಂದು ಉಡುಪಿನಲ್ಲಿ ಮನೆತನ, ಊರು ಎಲ್ಲ ಓದಬಲ್ಲ ಜನಕ್ಕೆ ಅದು ಎಷ್ಟು ನೋವಿನದು ಎಂದು ಯೋಚಿಸಬೇಕು. 2018ರಲ್ಲಿ ಫಿನ್ಲೆಂಡಿನ ಸಾಮಿ ಸಂಸತ್ತು ಪ್ರವಾಸೋದ್ಯಮಕ್ಕೆ ನೀತಿಸೂತ್ರಗಳನ್ನೇ ಹೊರಡಿಸಿತು. ಟಿಕೆಟ್ ತೆಗೆಸುವ ಮುಂಚೆ ಓದಬೇಕಾದ ಬರಹ ಅದು.

ಈಗ ಹಿಮದ ಮೇಲೇ ಭರವಸೆ ಇಡುವಂತಿಲ್ಲ. ಆರ್ಕ್ಟಿಕ್ ಪ್ರದೇಶ 1979ರಿಂದೀಚೆಗೆ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ ಎಂದು ಫಿನ್ನಿಶ್ ಹವಾಮಾನ ಸಂಸ್ಥೆಯ ಸಂಶೋಧಕರು 2022ರಲ್ಲಿ ತೋರಿಸಿದರು. ಸ್ಕೀ ವಿಶ್ವಕಪ್ ನಡೆಯುವ ಲೆವಿಯಲ್ಲಿ ನವೆಂಬರಿನ ಪಂದ್ಯಕ್ಕಾಗಿ ಹಳೆಯ ಹಿಮವನ್ನು ಬೇಸಿಗೆಯಿಡೀ ಹೊದಿಕೆಯಡಿ ಕಾಪಿಡುತ್ತಾರೆ. ಸಾರಂಗಕ್ಕೆ ಅಂಥ ಉಪಾಯವಿಲ್ಲ. ಚಳಿಗಾಲದ ನಡುವೆ ಮಳೆ ಬಿದ್ದು ಹೆಪ್ಪುಗಟ್ಟಿದರೆ ನೆಲದ ಮೇಲೆ ಗಟ್ಟಿ ಪದರ ಕೂರುತ್ತದೆ. ಅದರಡಿಯ ಕಲ್ಲುಹೂವನ್ನು ಗೊರಸಿನಿಂದ ಕೆದಕಿ ತಿನ್ನಲು ಆಗುವುದಿಲ್ಲ. ಆಗ ಸಾಕಿದವರು ಹುಲ್ಲು, ಹಿಂಡಿ ಕೊಂಡು ತಂದು ಹಾಕಬೇಕು. ಆ ಖರ್ಚಿನ ಒಂದು ಪಾಲನ್ನು ಕೆಲವು ಮನೆಗಳು ಜಾರುಬಂಡಿ ಸವಾರಿಯ ದುಡ್ಡಿನಿಂದಲೇ ತೂಗಿಸುತ್ತಿವೆ.