ಒಂದು ಹೆಜ್ಜೆ ಮುಂದಿರುವವನೇ ಗುರು

ರಜೆಯ ದಿನ ಊಟ ಮುಗಿಸಿ ನಮ್ಮ ರೂಮುಗಳಲ್ಲಿ ಕಾಲು ಚಾಚಿ ಕೂತಾಗ ಒಂದು ಮಾತು ಬಂದೇ ಬರುತ್ತದೆ: ‘ವೀಸಾ ಮುಗಿದು ಊರಿಗೆ ಹೋದರೆ ಮುಂದೇನು?’ ಒಬ್ಬರು ಅಂಗಡಿ ಎನ್ನುತ್ತಾರೆ, ಇನ್ನೊಬ್ಬರು ತೋಟ ಎನ್ನುತ್ತಾರೆ. ಈಚೆಗೆ ಹುಡುಗರು ಮೂರನೆಯ ಉತ್ತರವೊಂದನ್ನು ಕೊಡುತ್ತಿದ್ದಾರೆ: ವೆಬ್‌ಸೈಟ್ ಮಾಡುವುದನ್ನು ಕಲಿಯುತ್ತೇವೆ. ಆಸೆ ಒಳ್ಳೆಯದೇ. ಆದರೆ ಎರಡು ತಿಂಗಳ ಸಂಬಳ ಕಟ್ಟಿ ಸರ್ಟಿಫಿಕೇಟ್ ತಂದು, ಒಂದು ಪುಟವನ್ನೂ ಸ್ವಂತವಾಗಿ ಕಟ್ಟಲು ಬಾರದೆ ಕೂತವರನ್ನೂ ನಾವು ನೋಡಿದ್ದೇವೆ. ಹಾಗಾದರೆ ಕಲಿಯುವುದು ಹೇಗೆ? ಇದಕ್ಕೊಂದು ಉತ್ತರ ಆಫ್ರಿಕಾದ ನೈರೋಬಿಯಲ್ಲಿದೆ.

ಆ ಊರು ನಮಗೆ ದೂರದ್ದೇನಲ್ಲ. ನಮ್ಮ ಫುಜೈರಾದಿಂದ ಸಮುದ್ರದಡಿ ಹೊರಟ ‘ಟೀಮ್ಸ್’ ಕೇಬಲ್ 2009ರಲ್ಲಿ ಕೆನ್ಯಾದ ಮೊಂಬಾಸಾ ಬಂದರನ್ನು ಮುಟ್ಟಿತು. ಅಲ್ಲಿಯವರೆಗೆ ಕೆನ್ಯಾದ ಇಂಟರ್ನೆಟ್ ಉಪಗ್ರಹವನ್ನೇ ನಂಬಿಕೊಂಡಿತ್ತು. ನಿಧಾನ, ಮೇಲಾಗಿ ದುಬಾರಿ.

ಆದರೂ ನೈರೋಬಿಯ ಹೆಸರು ಜಗತ್ತಿಗೆ ತಿಳಿದದ್ದು ಕೇಬಲ್ ಬರುವ ಮೊದಲೇ. 2007ರ ಡಿಸೆಂಬರ್ ಚುನಾವಣೆಯ ನಂತರ ಕೆನ್ಯಾದಲ್ಲಿ ಗಲಭೆ ಎದ್ದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಎಲ್ಲಿ ಏನಾಗುತ್ತಿದೆ ಎಂಬ ನಂಬುವಂಥ ಸುದ್ದಿ ಸಿಗುತ್ತಿರಲಿಲ್ಲ. ಗಲಭೆಯ ಜಾಗಗಳನ್ನು ನಕ್ಷೆಯ ಮೇಲೆ ತೋರಿಸುವ ಪುಟವೊಂದನ್ನು ಬಲ್ಲವರು ಮಾಡಬಾರದೇ ಎಂದು 2008ರ ಜನವರಿಯಲ್ಲಿ ವಕೀಲೆ ಓರಿ ಒಕೊಲ್ಲೊ ಕೇಳಿದರು. ಡೇವಿಡ್ ಕೋಬಿಯಾ, ಎರಿಕ್ ಹರ್ಸ್‌ಮನ್, ಜೂಲಿಯಾನಾ ರೋಟಿಚ್ ಮೊದಲಾದವರು ಕೈಜೋಡಿಸಿದರು. ಕೆಲವೇ ದಿನಗಳಲ್ಲಿ ‘ಉಶಾಹಿದಿ’ ಸಿದ್ಧವಾಯಿತು. ಸ್ವಾಹಿಲಿಯಲ್ಲಿ ಹಾಗೆಂದರೆ ಸಾಕ್ಷ್ಯ. ಅದರ ಕೋಡನ್ನು ಅವರು ಬಚ್ಚಿಡದೆ ಎಲ್ಲರಿಗೂ ತೆರೆದಿಟ್ಟರು. 2010ರಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ನೆರವಿಗೆ ಬಂದದ್ದೂ ಅದೇ.

ಅದೇ 2010ರಲ್ಲಿ ನೈರೋಬಿಯ ಎನ್‌ಗಾಂಗ್ ರಸ್ತೆಯ ಕಟ್ಟಡವೊಂದರಲ್ಲಿ ‘ಐಹಬ್’ ತೆರೆಯಿತು. ಲ್ಯಾಪ್‌ಟಾಪ್ ಹಿಡಿದು ಬಂದವರಿಗೆ ಅಲ್ಲಿ ಕೂರಲು ಜಾಗ, ಒಳ್ಳೆಯ ಇಂಟರ್ನೆಟ್, ಎಲ್ಲಕ್ಕಿಂತ ಮುಖ್ಯವಾಗಿ ಸಂದೇಹ ಬಂದರೆ ಕೇಳಲು ಪಕ್ಕದಲ್ಲೊಬ್ಬರು. ಅದೇ ವರ್ಷ ಕೆಲವು ಯುವತಿಯರು ಸೇರಿ ‘ಅಕಿರಾಚಿಕ್ಸ್’ ಕಟ್ಟಿ, ಬಡ ಕುಟುಂಬಗಳ ಹೆಣ್ಣುಮಕ್ಕಳಿಗೆ ಕೋಡಿಂಗ್ ಕಲಿಸತೊಡಗಿದರು. ಅವರಲ್ಲೊಬ್ಬರಾದ ಏಂಜೆಲಾ ಲುಂಗಾಟಿ ಮುಂದೆ ಉಶಾಹಿದಿ ಸಂಸ್ಥೆಯ ಮುಖ್ಯಸ್ಥೆಯಾದರು. ಕಲಿತವರು ಹಿಂದೆ ಬರುವವರಿಗೆ ಕೈಕೊಟ್ಟು ಮೇಲೆತ್ತಿದರು, ಗುಟ್ಟು ಇಷ್ಟೇ.

ನಮ್ಮ ರೂಮುಗಳಲ್ಲೂ ಇದು ಆಗುವ ಮಾತು. ಕಲಿಸಲು ದೊಡ್ಡ ಪಂಡಿತರು ಬೇಕಿಲ್ಲ. ನಿನ್ನೆ ತಾನೇ ಎಡವಿದವನಿಗೆ ಕಲ್ಲು ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿರುತ್ತದೆ.

ಮೊದಲ ದಿನ ಒಂದೇ ಪುಟ ಸಾಕು. ಊರಿನ ಅಣ್ಣನ ಗ್ಯಾರೇಜೋ ಅಕ್ಕನ ಟೈಲರಿಂಗ್ ಅಂಗಡಿಯೋ, ನಿಜವಾಗಿ ಬೇಕಾದದ್ದನ್ನೇ ಆರಿಸಿಕೊಳ್ಳಿ. ನೋಟ್‌ಪ್ಯಾಡ್ ಮತ್ತು ಬ್ರೌಸರ್ ಇದ್ದರೆ ಕೆಲಸ ಶುರು. ಎಚ್‌ಟಿಎಂಎಲ್ ಮನೆಯ ಗೋಡೆ, ಸಿಎಸ್‌ಎಸ್ ಬಣ್ಣ, ಜಾವಾಸ್ಕ್ರಿಪ್ಟ್ ವೈರಿಂಗ್ ಇದ್ದಂತೆ; ಗೋಡೆ ಏಳುವ ಮೊದಲು ವೈರಿಂಗ್‌ಗೆ ಕೈ ಹಾಕಬೇಡಿ. ಇಬ್ಬರು ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು, ಒಬ್ಬರು ಟೈಪ್ ಮಾಡಲಿ, ಇನ್ನೊಬ್ಬರು ನೋಡುತ್ತಾ ತಪ್ಪು ಹಿಡಿಯಲಿ. ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿ. ಬಲ್ಲವರು ಕೀಬೋರ್ಡ್ ಕಸಿದುಕೊಂಡು ತಾವೇ ಮಾಡಿಬಿಟ್ಟರೆ ಕಲಿಯುವವನಿಗೆ ಏನೂ ದಕ್ಕುವುದಿಲ್ಲ.

ಹೊಸಬರು ಎಡವುವ ಕಲ್ಲುಗಳು ಕೆಲವು. ಕನ್ನಡ ಅಕ್ಷರ ಚೆಲ್ಲಾಪಿಲ್ಲಿಯಾಗಿ ಕಂಡರೆ, ಪುಟದ ತಲೆಭಾಗದಲ್ಲಿ ಯುಟಿಎಫ್-8 ಎಂದು ಹೇಳಿದ್ದೀರಾ, ಫೈಲನ್ನೂ ಹಾಗೆಯೇ ಸೇವ್ ಮಾಡಿದ್ದೀರಾ ನೋಡಿ. ವಿಂಡೋಸ್‌ನಲ್ಲಿ ಕಂಡ ಫೋಟೋ ಸರ್ವರಿಗೆ ಏರಿಸಿದ ಮೇಲೆ ಮಾಯವಾದರೆ, ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ–ಚಿಕ್ಕಕ್ಷರ ವ್ಯತ್ಯಾಸವಾಗಿರಬಹುದು. ಊರಿನವರು ನೋಡುವುದು ಮೊಬೈಲಿನಲ್ಲೇ, ಆದ್ದರಿಂದ ಫೋಟೋಗಳ ಗಾತ್ರ ಇಳಿಸಿ. ಕೆಂಪಕ್ಷರದ ಎರರ್ ಬಂದರೆ ಹೆದರಬೇಡಿ. ನಿಧಾನವಾಗಿ ಓದಿ, ಎಷ್ಟನೇ ಸಾಲಿನಲ್ಲಿ ತಪ್ಪಿದೆ ಎಂದು ಬಹಳ ಸಲ ಅದೇ ಹೇಳುತ್ತದೆ. ಪಾಸ್‌ವರ್ಡನ್ನು ಮಾತ್ರ ಎಂದಿಗೂ ಪುಟದ ಕೋಡಿನಲ್ಲಿ ಬರೆದಿಡಬೇಡಿ. ಪುಟ ಮುಗಿದ ಮೇಲೆ ಗಿಟ್‌ಹಬ್ ಪೇಜಸ್‌ನಲ್ಲಿ ಹಣ ಕೊಡದೆಯೇ ಏರಿಸಬಹುದು. ಅದರ ಲಿಂಕನ್ನು ಅಮ್ಮನಿಗೆ ಕಳಿಸಿದ ದಿನದ ಖುಷಿ ಯಾವ ಸರ್ಟಿಫಿಕೇಟೂ ಕೊಡುವುದಿಲ್ಲ.

ಎರಡು ಎಚ್ಚರಿಕೆಯ ಮಾತು. ಇದು ಆರು ವಾರದಲ್ಲಿ ಕೆಲಸ ಕೊಡಿಸುವ ಮಂತ್ರವಲ್ಲ. ಒಂದೆರಡು ವರ್ಷದ ಪರಿಶ್ರಮ. ಇನ್ನೊಂದು, ಇಲ್ಲಿರುವಾಗ ಪರ್ಮಿಟ್ ಇಲ್ಲದೆ ಹೊರಗಿನವರಿಂದ ಹಣ ಪಡೆದು ಕೆಲಸ ಮಾಡಿದರೆ ಕಾನೂನಿನ ತೊಂದರೆಗೆ ಸಿಕ್ಕಿಕೊಳ್ಳುತ್ತೇವೆ. ಈಗ ಕಲಿಯೋಣ, ದುಡಿಮೆಯನ್ನು ನಿಯಮ ನೋಡಿಕೊಂಡು ಮಾಡೋಣ.

ನಮ್ಮಲ್ಲಿ ಐಟಿ ಕಂಪನಿಗಳಲ್ಲಿ ದುಡಿಯುವವರೂ ಇದ್ದಾರೆ, ಸೈಟಿನಲ್ಲಿ ಹೆಲ್ಮೆಟ್ ಹಾಕಿ ದುಡಿಯುವವರೂ ಇದ್ದಾರೆ. ರಾಜ್ಯೋತ್ಸವದ ಪಂಕ್ತಿಯಲ್ಲಿ ಒಟ್ಟಿಗೆ ಕೂತು ಹೋಳಿಗೆ ತಿನ್ನುವ ನಾವು, ತಿಂಗಳಿಗೆ ಎರಡು ಸಂಜೆ ಒಂದು ಲ್ಯಾಪ್‌ಟಾಪಿನ ಮುಂದೆಯೂ ಒಟ್ಟಿಗೆ ಕೂರೋಣ. ಬಲ್ಲವರು ಒಂದು ಹೆಜ್ಜೆ ಹಿಂದೆ ಬಂದರೆ, ಬಾರದವರು ಹತ್ತು ಹೆಜ್ಜೆ ಮುಂದೆ ಹೋಗುತ್ತಾರೆ.